ರಾಗಿ, ಜೋಳದಿಂದ ಗ್ಲುಟನ್ ಇಲ್ಲದ ಬಿಯರ್: ಮನೆಯಲ್ಲಿ ಮಾಲ್ಟ್ ಮಾಡಿಕೊಳ್ಳೋದು ಹೇಗೆ?

ಪೋರ್ಟ್‌ಲ್ಯಾಂಡ್_ಕನ್ನಡತಿ

ಎಲ್ಲರಿಗೂ ನಮಸ್ಕಾರ. ನನಗೆ ಸೀಲಿಯಾಕ್ (ಗೋಧಿ, ಬಾರ್ಲಿ, ರೈಯಲ್ಲಿರುವ ಗ್ಲುಟನ್ ಅನ್ನುವ ಪ್ರೋಟೀನ್ ಕರುಳಿಗೆ ಆಗದಿರುವ ಕಾಯಿಲೆ) ಇದೆ ಅಂತ ಗೊತ್ತಾದ ಮೇಲೆ ಗೋಧಿ, ಬಾರ್ಲಿ, ರೈ ಮೂರೂ ನಮ್ಮ ಅಡುಗೆಮನೆಯಿಂದ ಹೊರಗೆ ಹೋದವು. ಚಪಾತಿ ಬಿಡೋದು ಅಷ್ಟೇನೂ ಕಷ್ಟ ಆಗಲಿಲ್ಲ. ಮುದ್ದೆ, ರೊಟ್ಟಿ, ಅಕ್ಕಿ ಇದ್ದೇ ಇವೆ. ಬಿಯರ್ ವಿಷಯದಲ್ಲಿ ಮಾತ್ರ ನಿಜಕ್ಕೂ ಬೇಜಾರಾಯಿತು. ನಾನು, ನಮ್ಮ ಯಜಮಾನರು ಇಬ್ಬರೂ ಸೇರಿ ಮನೆಯಲ್ಲೇ ಬಿಯರ್ ಮಾಡುತ್ತಿದ್ದೆವು. ಅಮೆರಿಕದಲ್ಲಿ 1978ರ ಕಾನೂನಿನ ಪ್ರಕಾರ ಸ್ವಂತ ಬಳಕೆಗೆ ಮಾಡಿಕೊಳ್ಳಬಹುದು, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ.

ಬಿಯರ್‌ಗೆ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು ಬೇಕು. ಅದಕ್ಕೆ ಈಗ ರಾಗಿ ಹಿಡಿದಿದ್ದೇವೆ. ಇಂಡಿಯನ್ ಅಂಗಡಿಯ ಇಡೀ ರಾಗಿ ತಂದು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದೆವು. ಒಣಗಿಸಿ, ಘಂ ಅನ್ನುವ ಹಾಗೆ ಹುರಿದು ಪುಡಿ ಮಾಡಿದೆವು. ಊರಲ್ಲಿ ಮಗುವಿಗೆ ಮಾಡುವ ಹಾಗೆಯೇ. ಬಾರ್ಲಿಗೆ ಮಾಡುತ್ತಿದ್ದ ಹಾಗೆ 66 ಡಿಗ್ರಿ ನೀರಲ್ಲಿ ಒಂದು ಗಂಟೆ ಇಟ್ಟರೂ ಸಿಹಿ ಬರಲಿಲ್ಲ. ಅಯೋಡಿನ್ ಹನಿ ಹಾಕಿದರೆ ಕಡು ನೀಲಿ, ಅಂದರೆ ಪಿಷ್ಟ ಹಾಗೇ ಉಳಿದಿದೆ. ಸೋಸಲು ಹೋದರೆ ಅಂಟು ಗಂಜಿ, ಒಂದು ಹನಿಯೂ ಇಳಿಯುತ್ತಿಲ್ಲ.

ಕೇಳಬೇಕಾಗಿರೋದು ಇಷ್ಟು. ಮೊಳಕೆ ಎಷ್ಟು ದಿನ ಬಿಡಬೇಕು? ಹುರಿಯೋದು ಬೇಕಾ? ಬಿಸಿ ಎಷ್ಟಿರಬೇಕು? ಜೋಳದಿಂದಲೂ ಆಗುತ್ತಾ?

ಕೋಲಾರ_ರಾಗಿ

ನಾವು ತಲೆತಲಾಂತರದಿಂದ ರಾಗಿ ಬೆಳೆಯುವವರು. ಬಿಯರ್ ನನಗೆ ಗೊತ್ತಿಲ್ಲ, ಮೊಳಕೆ ವಿಷಯ ಹೇಳಬಲ್ಲೆ.

ಮೊದಲು ಕಾಳು ನೋಡಿ. ಅಂಗಡಿ ರಾಗಿ ಹಳೆಯದಾಗಿದ್ದರೆ ಮೊಳಕೆ ಸರಿಯಾಗಿ ಒಡೆಯೋದಿಲ್ಲ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಎರಡು ದಿನ ಇಡಿ. ತೊಂಬತ್ತಕ್ಕಿಂತ ಕಡಿಮೆ ಮೊಳೆತರೆ ಆ ಚೀಲ ಮುದ್ದೆಗೆ ಇಟ್ಟುಕೊಳ್ಳಿ. ಬಿತ್ತನೆ ಬೀಜ ಮಾತ್ರ ಯಾವ ಕಾರಣಕ್ಕೂ ತರಬೇಡಿ. ಅದಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ, ಎಷ್ಟು ತೊಳೆದರೂ ತಿನ್ನೋಕೆ ಬರಲ್ಲ.

ಆಮೇಲೆ ತೊಳೆಯೋದು. ರಾಗಿಯಲ್ಲಿ ಮಣ್ಣು, ಸಣ್ಣ ಕಲ್ಲು, ಜೊಳ್ಳು ಜಾಸ್ತಿ. ಅಗಲ ಪಾತ್ರೆಯಲ್ಲಿ ನೀರು ತುಂಬಿಸಿ ಕೈಯಾಡಿಸಿದರೆ ಜೊಳ್ಳು ತೇಲುತ್ತದೆ, ಅದನ್ನು ಚೆಲ್ಲಿ. ಗಟ್ಟಿ ಕಾಳನ್ನು ಸ್ವಲ್ಪ ಸ್ವಲ್ಪವಾಗಿ ಬೇರೆ ಪಾತ್ರೆಗೆ ಬಾಗಿಸಿಕೊಂಡು ಬಂದರೆ ಕಲ್ಲು ತಳದಲ್ಲಿ ಉಳಿಯುತ್ತದೆ. ನೀರು ತಿಳಿಯಾಗುವವರೆಗೂ ಬಿಡಬೇಡಿ. ಬೂಸ್ಟು ಬರೋದು ಬಹುಪಾಲು ಈ ಕೊಳೆಯಿಂದಲೇ.

ನೆನೆಸುವಾಗ ಒಂದೇ ಸಲ ರಾತ್ರಿಯಿಡೀ ನೀರಲ್ಲಿ ಮುಳುಗಿಸಿಡಬೇಡಿ. ಕಾಳಿಗೂ ಉಸಿರು ಬೇಕು. ಆರೇಳು ಗಂಟೆ ನೀರು, ಬಸಿದು ಒಂದೆರಡು ಗಂಟೆ ಗಾಳಿ, ಮತ್ತೆ ಹೊಸ ನೀರು. ಹೀಗೆ ಒಟ್ಟು ಒಂದು ಹಗಲು ಒಂದು ರಾತ್ರಿ. ಕಾಳಿನ ಒಂದು ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ನೀರಿನ ಕೆಲಸ ಮುಗಿಯಿತು.

ಮಗುವಿನ ಹಿಟ್ಟಿಗೆ ನಾವು ಮೊಳಕೆ ಕಾಣಿಸಿದ ಕೂಡಲೇ ನಿಲ್ಲಿಸುತ್ತೇವೆ. ಬಿಯರ್‌ಗೆ ಅಷ್ಟು ಸಾಕಾಗುತ್ತಾ ಅಂತ ತಿಳಿದವರು ಹೇಳಲಿ.

ಆಹಾರ_ಲ್ಯಾಬ್_ಮೈಸೂರು

ಸಾಕಾಗಲ್ಲ. ಕೋಲಾರದವರು ಹೇಳಿದ ತೊಳೆಯುವ, ನೆನೆಸುವ ಕ್ರಮ ಅಕ್ಷರಶಃ ಪಾಲಿಸಿ. ಅಲ್ಲಿಂದ ಮುಂದೆ ಬಿಯರ್ ದಾರಿ ಬೇರೆಯಾಗುತ್ತದೆ.

ಮೊಳಕೆ ಯಾಕೆ ಬರಿಸುತ್ತೇವೆ? ಕಾಳು ಮೊಳೆಯುವಾಗ ಅಮೈಲೇಸ್ ಅನ್ನುವ ಕಿಣ್ವಗಳು ಹುಟ್ಟುತ್ತವೆ. ಪಿಷ್ಟವನ್ನು ಸಕ್ಕರೆ ಮಾಡುವುದು ಅವುಗಳ ಕೆಲಸ. ಯೀಸ್ಟ್ ತಿನ್ನುವುದು ಆ ಸಕ್ಕರೆಯನ್ನು. ಕಿರುಧಾನ್ಯಗಳ ಪೈಕಿ ರಾಗಿ ಈ ವಿಷಯದಲ್ಲಿ ಬಹಳ ಗಟ್ಟಿ. ನಮ್ಮ ಊರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1980ರ ದಶಕದಲ್ಲೇ ಬೇರೆ ಬೇರೆ ಕಿರುಧಾನ್ಯಗಳ ಮಾಲ್ಟಿಂಗ್ ಗುಣ ಪರೀಕ್ಷಿಸಿ ಬರೆದಿದ್ದಾರೆ.

ನಿಮ್ಮ ಸಮಸ್ಯೆ ಎರಡು ಕಡೆ ಇದೆ. ಒಂದು, ಹುರಿದದ್ದು. ಘಂ ಅನ್ನುವಷ್ಟು ಹುರಿದರೆ ಕಿಣ್ವ ಪೂರ್ತಿ ಸಾಯುತ್ತದೆ. ಮಗುವಿನ ಹುರಿಹಿಟ್ಟಿಗೆ ಅದು ಸರಿ, ರುಚಿ ಬರುತ್ತದೆ, ಚೆನ್ನಾಗಿ ಇಡುತ್ತದೆ. ಬಿಯರ್‌ಗೆ ಬೇಕಾದ ಶಕ್ತಿ ಅಲ್ಲೇ ಹೋಯಿತು.

ಎರಡನೆಯದು ಬಿಸಿ. ಪಿಷ್ಟ ಬೆಂದು ಉಬ್ಬಿದ ಮೇಲೆಯೇ ಕಿಣ್ವಕ್ಕೆ ಸುಲಭವಾಗಿ ಸಿಗೋದು. ಬಾರ್ಲಿ ಪಿಷ್ಟ 60 ಡಿಗ್ರಿ ಆಸುಪಾಸಿನಲ್ಲಿ ಉಬ್ಬುತ್ತದೆ. ರಾಗಿಗೆ ಸುಮಾರು 65ರಿಂದ 75 ಬೇಕು, ಜೋಳಕ್ಕೆ ಇನ್ನೂ ಸ್ವಲ್ಪ ಮೇಲೆ. ಆದರೆ ಅಮೈಲೇಸ್‌ನಲ್ಲಿ ಬೀಟಾ, ಆಲ್ಫಾ ಅಂತ ಎರಡು ಬಗೆ. ಬೀಟಾ ಅಮೈಲೇಸ್ 65 ದಾಟಿದರೆ ಬೇಗ ಸಾಯುತ್ತದೆ. ಆಲ್ಫಾ ಇನ್ನೂ ಸ್ವಲ್ಪ ತಡೆದುಕೊಳ್ಳುತ್ತದೆ. ಬಾರ್ಲಿಯಲ್ಲಿ ಪಿಷ್ಟ ಬೇಯುವ ಬಿಸಿ, ಕಿಣ್ವ ಬದುಕುವ ಬಿಸಿ ಎರಡೂ ಒಂದೇ ಕಡೆ ಸೇರುತ್ತವೆ. ಅದಕ್ಕೇ 66 ಡಿಗ್ರಿಯ ಪಾಠ ಅಲ್ಲಿ ನಡೆಯುತ್ತದೆ. ರಾಗಿಯಲ್ಲಿ ಪಿಷ್ಟ ಬೇಯಿಸಲು ಹೋದರೆ ಕಿಣ್ವ ಸಾಯುತ್ತದೆ, ಕಿಣ್ವ ಉಳಿಸಲು ಹೋದರೆ ಪಿಷ್ಟ ಬೇಯಲ್ಲ. ಆದ್ದರಿಂದ ಎರಡನ್ನೂ ಬೇರೆ ಮಾಡಬೇಕು.

ಮೆಲ್ಬರ್ನ್_ಬ್ರೂ

ನಾನು ಗ್ಲುಟನ್ ಇಲ್ಲದ ಬಿಯರ್ ಮಾತ್ರ ಮಾಡುವವನು. ಮೇಲಿನವರು ಹೇಳಿದ್ದನ್ನು ಕೆಲಸಕ್ಕೆ ಇಳಿಸೋಣ.

ಮೊಳಕೆ: ಬಸಿದ ರಾಗಿಯನ್ನು ಗಂಟು ಕಟ್ಟಬೇಡಿ. ಗಂಟಿನ ಒಳಗೆ ಬಿಸಿ ಏರಿ ಹುಳಿ ವಾಸನೆ ಬರುತ್ತದೆ. ತಟ್ಟೆ ಅಥವಾ ಜರಡಿಯಲ್ಲಿ ಎರಡು ಬೆರಳು ದಪ್ಪ ಹರಡಿ, ಮೇಲೆ ಒದ್ದೆ ಬಟ್ಟೆ. 25ರಿಂದ 30 ಡಿಗ್ರಿ ರಾಗಿಗೆ ಇಷ್ಟ. ಬೆಳಿಗ್ಗೆ, ಸಂಜೆ ಕೈಯಾಡಿಸಿ, ನೀರು ಚಿಮುಕಿಸಿ. ಕೈಯಾಡಿಸದಿದ್ದರೆ ಬೇರುಗಳು ಒಂದಕ್ಕೊಂದು ಹೆಣೆದು ಇಡೀ ತಟ್ಟೆ ಚಾಪೆ ಥರ ಎದ್ದು ಬರುತ್ತದೆ. ಮೂರರಿಂದ ನಾಲ್ಕು ದಿನ ಬಿಡಿ. ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಸುಕಿ ನೋಡಿ. ಒಳಗಿನದು ಮೆತ್ತಗೆ, ಬಿಳಿ ಹಾಲಿನ ಹಾಗೆ ಬಂದರೆ ಆಯಿತು. ಇನ್ನೂ ಗಟ್ಟಿ ಮಧ್ಯ ಸಿಕ್ಕರೆ ಮತ್ತೆ ಅರ್ಧ ದಿನ.

ಒಣಗಿಸೋದು: ಡಿಹೈಡ್ರೇಟರ್ ಇದ್ದರೆ 40ರಲ್ಲಿ ಶುರು ಮಾಡಿ, ಕಾಳು ಒಣಗುತ್ತಾ ಬಂದ ಹಾಗೆ 50ಕ್ಕೆ ಏರಿಸಿ, ಅದರ ಮೇಲೆ ಹೋಗಬೇಡಿ. ಒದ್ದೆ ಇರುವಾಗ ಬಿಸಿ ಕೊಟ್ಟರೆ ಕಿಣ್ವ ಬೇಗ ಹಾಳಾಗುತ್ತದೆ. ಒಣಗಿದ ಮೇಲೆ ಸ್ವಲ್ಪ ತಡೆದುಕೊಳ್ಳುತ್ತದೆ. ಹಲ್ಲಿಗೆ ಕಟ್ ಅನ್ನಬೇಕು.

ಬೇರು ತೆಗೆಯೋದು: ಒಣಗಿದ್ದನ್ನು ದಪ್ಪ ಬಟ್ಟೆಯಲ್ಲಿ ಹಾಕಿ ಉಜ್ಜಿ, ಆಮೇಲೆ ಕೇರಿ. ಬೇರಿಗೆ ಕಹಿ ಇದೆ, ಬಿಯರ್‌ಗೂ ಬರುತ್ತದೆ.

ರುಚಿಗೂ ಬಣ್ಣಕ್ಕೂ ಹುರಿದದ್ದು ಬೇಕು ಅನಿಸಿದರೆ ಒಟ್ಟು ಮಾಲ್ಟಿನ ಹತ್ತರಲ್ಲಿ ಒಂದು ಪಾಲು ಬೇರೆ ತೆಗೆದಿಟ್ಟು ಓವನ್‌ನಲ್ಲಿ 150 ಡಿಗ್ರಿಗೆ ಹುರಿಯಿರಿ. ಬಿಸ್ಕತ್ತಿನ ಬಣ್ಣ ಬಂದರೆ ಸಾಕು. ಹುರಿದದ್ದನ್ನು ಒಂದೆರಡು ವಾರ ಇಟ್ಟು ಬಳಸಿ, ಆ ಸುಟ್ಟ ಖಾರ ಇಳಿಯುತ್ತದೆ.

ಕೋಲಾರ_ರಾಗಿ

ಡಿಹೈಡ್ರೇಟರ್ ಎಲ್ಲ ಯಾಕೆ, ನಮ್ಮಲ್ಲಿ ಬಿಸಿಲು ಇದೆಯಲ್ಲ? ತಲೆಮಾರುಗಳಿಂದ ಚಾಪೆ ಮೇಲೆಯೇ ಒಣಗಿಸಿದ್ದು.

ಮೆಲ್ಬರ್ನ್_ಬ್ರೂ

ನಿಮ್ಮ ಬಯಲುಸೀಮೆ ಬಿಸಿಲಿಗೆ ನಾನು ಎರಡು ಮಾತಾಡಲ್ಲ. ಗಾಳಿ ಒಣ ಇರುತ್ತದೆ, ಒಂದೇ ದಿನದಲ್ಲಿ ಮುಗಿಯುತ್ತದೆ. ಪೋರ್ಟ್‌ಲ್ಯಾಂಡ್‌ನ ಮಳೆಗಾಲದಲ್ಲಿ ಮೂರು ದಿನ ಒದ್ದೆ ಉಳಿದರೆ ಬೂಸ್ಟು ಖಂಡಿತ. ಬೂಸ್ಟು ಹಿಡಿದ ಮಾಲ್ಟನ್ನು ಕುದಿಸಿದರೂ ವಿಷ ಹೋಗಲ್ಲ, ಚೆಲ್ಲಬೇಕು. ಹಸಿರು, ಕಪ್ಪು, ಗುಲಾಬಿ ಯಾವ ಬಣ್ಣ ಕಂಡರೂ ಅಷ್ಟೇ.

ಪೋರ್ಟ್‌ಲ್ಯಾಂಡ್_ಕನ್ನಡತಿ

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಪಿಷ್ಟ, ಕಿಣ್ವ ಬೇರೆ ಮಾಡಬೇಕು ಅಂದಿರಲ್ಲ, ಅದನ್ನು ಮನೆಯ ಪಾತ್ರೆಯಲ್ಲಿ ಹೇಗೆ ಮಾಡೋದು? ಮಾಲ್ಟ್ ಗಟ್ಟಿಯಾಗಿದೆಯೋ ಇಲ್ಲವೋ ಅಂತ ಮೊದಲೇ ನೋಡಿಕೊಳ್ಳೋಕೆ ಏನಾದರೂ ಉಪಾಯ ಇದೆಯಾ?

ಆಹಾರ_ಲ್ಯಾಬ್_ಮೈಸೂರು

ಪರೀಕ್ಷೆ ಬಹಳ ಸುಲಭ. ಒಂದು ಲೋಟ ಅಕ್ಕಿಹಿಟ್ಟಿನ ಗಂಜಿ ಕಾಯಿಸಿ. ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ ಇರಲಿ. 65 ಡಿಗ್ರಿಗೆ ಆರಿಸಿ ಒಂದು ಚಮಚ ರಾಗಿ ಮಾಲ್ಟಿನ ಪುಡಿ ಹಾಕಿ ಕಲಸಿ. ಮಾಲ್ಟ್ ಚೆನ್ನಾಗಿದ್ದರೆ ಕಣ್ಣೆದುರೇ ಗಂಜಿ ಸಡಿಲ ಆಗುತ್ತದೆ. ಹತ್ತು ನಿಮಿಷದಲ್ಲಿ ಮಜ್ಜಿಗೆಯಷ್ಟು ತೆಳು, ಅರ್ಧ ಗಂಟೆಯಲ್ಲಿ ನಾಲಿಗೆಗೆ ಸಿಹಿ. ಹುರಿದ ಪುಡಿ ಹಾಕಿದರೆ ಗಂಜಿ ಹಾಗೇ ನಿಂತಿರುತ್ತದೆ. ನಿಮ್ಮ ಹಳೆಯ ಪುಡಿ ಉಳಿದಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮಕ್ಕಳ ಆಹಾರದಲ್ಲಿ ಮಾಲ್ಟ್ ಬಳಸೋದರ ಗುಟ್ಟೂ ಇದೇ. ಗಟ್ಟಿ ಗಂಜಿಯನ್ನು ನೀರು ಬೆರೆಸದೆ ತೆಳು ಮಾಡಬಹುದು. ಚಿಕ್ಕ ಹೊಟ್ಟೆಗೆ ಜಾಸ್ತಿ ಶಕ್ತಿ ಹೋಗುತ್ತದೆ.

ಮೆಲ್ಬರ್ನ್_ಬ್ರೂ

ಪಾತ್ರೆಯ ಕೆಲಸ ಹೇಳುತ್ತೇನೆ. ಹತ್ತು ಲೀಟರ್ ಒಳಗಿನ ಒಂದು ಸಲಕ್ಕೆ ಮೂರು ಕಿಲೋ ರಾಗಿ ಮಾಲ್ಟ್ ಇಟ್ಟುಕೊಳ್ಳಿ. ಮೊಳಕೆ, ಬೇರು, ಉಸಿರಾಟ ಎಲ್ಲ ಸೇರಿ ತೂಕ ಇಳಿಯುತ್ತದೆ, ಹಾಗಾಗಿ ಮೂರೂವರೆ ಕಿಲೋಗಿಂತ ಸ್ವಲ್ಪ ಜಾಸ್ತಿ ರಾಗಿಯಿಂದ ಶುರು ಮಾಡಿ.

ಮಾಲ್ಟನ್ನು ರವೆಯ ಹಾಗೆ ಒಡೆಯಿರಿ, ನುಣ್ಣಗೆ ಬೇಡ. 10 ಲೀಟರ್ ನೀರಿಗೆ ಹಾಕಿ 45 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಇಡಿ. ಆಗಾಗ ಕಲಸಿ, ಕೊನೆಗೆ ಕೈ ಬಿಡಿ. ರವೆ ತಳಕ್ಕೆ ಕೂರುತ್ತದೆ. ಮೇಲೆ ನಿಂತ ತಿಳಿ ಇದೆಯಲ್ಲ, ಕಿಣ್ವದ ದೊಡ್ಡ ಪಾಲು ಅದರಲ್ಲಿದೆ. ಸೌಟಿನಿಂದ ನಾಲ್ಕು ಲೀಟರ್‌ನಷ್ಟು ತೆಗೆದು ಬೇರೆ ಪಾತ್ರೆಯಲ್ಲಿ ಇಡಿ. ಒಲೆಯಿಂದ ದೂರ.

ಉಳಿದ ಗಟ್ಟಿಯನ್ನು ನಿಧಾನವಾಗಿ ಕುದಿಸಿ. ತಳ ಹಿಡಿಯದ ಹಾಗೆ ಕೈ ಬಿಡದೆ ತಿರುವಬೇಕು. ಇಪ್ಪತ್ತು ನಿಮಿಷ ಕುದಿದರೆ ಪಿಷ್ಟ ಪೂರ್ತಿ ಬೆಂದಿರುತ್ತದೆ. ಒಲೆ ಆರಿಸಿ 78ರ ಹತ್ತಿರ ಬರುವವರೆಗೆ ಕಾಯಿರಿ. ಈಗ ಈ ಬಿಸಿ ಗಂಜಿಯನ್ನು ತಿಳಿಗೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಬನ್ನಿ. ತಿಳಿಯನ್ನು ಗಂಜಿಗೆ ಸುರಿದರೆ ಮೊದಲು ಬಿದ್ದ ಕಿಣ್ವ ಅಲ್ಲೇ ಸಾಯುತ್ತದೆ. ಎಲ್ಲ ಸೇರಿದಾಗ 63, 64ರಲ್ಲಿ ನಿಲ್ಲುತ್ತದೆ. ಪಾತ್ರೆಗೆ ಕಂಬಳಿ ಸುತ್ತಿ ಒಂದೂವರೆ ಗಂಟೆ ಬಿಡಿ.

ಅಯೋಡಿನ್ ಹನಿ ಕಂದಾಗಿಯೇ ಉಳಿದರೆ ಪಿಷ್ಟ ಮುಗಿಯಿತು. ನೀಲಿ ಕಂಡರೆ ಇನ್ನೂ ಅರ್ಧ ಗಂಟೆ.

ಸೋಸುವಾಗ ರಾಗಿಗೆ ಬಾರ್ಲಿಯಂಥ ಹೊಟ್ಟು ಇಲ್ಲ, ಜರಡಿ ಕಟ್ಟಿಕೊಳ್ಳುತ್ತದೆ. ತೊಳೆದ ಭತ್ತದ ಹೊಟ್ಟು ಎರಡು ಮೂರು ಹಿಡಿ ಬೆರೆಸಿ, ನೈಲಾನ್ ಚೀಲದಲ್ಲಿ ಬಸಿಯಿರಿ. ಗ್ರಾವಿಟಿ (ರಸದ ಸಾಂದ್ರತೆ, ಸಕ್ಕರೆ ಎಷ್ಟಿದೆ ಅಂತ ಹೇಳುತ್ತದೆ) 1.040ರ ಹತ್ತಿರ ಬಂದರೆ ತುಂಬಾ ಚೆನ್ನಾಗಿದೆ. ಆಮೇಲೆ ಕಹಿಗೂ ವಾಸನೆಗೂ ಹಾಪ್ಸ್ ಹೂ ಹಾಕಿ ಕುದಿಸೋದು ನಿಮಗೆ ಗೊತ್ತಿರುವುದೇ.

ಕಂಪಾಲಾ_ಕನ್ನಡಿಗ

ಇದನ್ನು ಓದಿ ಬಹಳ ಖುಷಿ ಆಯಿತು, ಯಾಕೆಂದರೆ ಇಲ್ಲಿ ಉಗಾಂಡಾದ ಪೂರ್ವಕ್ಕೆ ತೇಸೋ ಜನ ಇದನ್ನೇ ತಮ್ಮ ರೀತಿಯಲ್ಲಿ ಮಾಡುತ್ತಾರೆ. ಅವರ ಬಿಯರ್ ಹೆಸರು ಅಜೋನ್, ಅದೂ ರಾಗಿಯದೇ. ರಾಗಿ ಹಿಟ್ಟನ್ನು ನೀರಲ್ಲಿ ಕಲಸಿ ಕೆಲವು ದಿನ ಹುಳಿಯಲು ಬಿಡುತ್ತಾರೆ. ಆ ಹುಳಿ ಹಿಟ್ಟನ್ನು ದೊಡ್ಡ ತಗಡಿನ ಮೇಲೆ ಹಾಕಿ, ಉದ್ದ ಕೋಲಿನಿಂದ ತಿರುವುತ್ತಾ ಹುರಿಯುತ್ತಾರೆ. ಬೇರೆಯಾಗಿ ರಾಗಿ ಮೊಳಕೆ ಬರಿಸಿ, ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿಕೊಂಡಿರುತ್ತಾರೆ. ಹುರಿದದ್ದು, ಮೊಳಕೆಯ ಪುಡಿ, ನೀರು ಮೂರೂ ಮಡಕೆಯಲ್ಲಿ ಸೇರುತ್ತವೆ.

ಗಮನಿಸಿ, ಹುರಿಯುವಾಗ ಪಿಷ್ಟ ಬೇಯುತ್ತದೆ, ಮೊಳಕೆಯ ಪುಡಿಗೆ ಬೆಂಕಿ ತಾಗಿಸೋದೇ ಇಲ್ಲ. ಥರ್ಮಾಮೀಟರ್ ಇಲ್ಲದೆ ಪಿಷ್ಟ, ಕಿಣ್ವ ಎರಡನ್ನೂ ಬೇರೆ ಇಟ್ಟಿದ್ದಾರೆ. ಕುಡಿಯುವಾಗ ಮಡಕೆಗೆ ಬಿಸಿನೀರು ಹಾಕಿ, ಸುತ್ತಲೂ ಕೂತು ಉದ್ದ ಕೊಳವೆಗಳಿಂದ ಹೀರುತ್ತಾರೆ. ಕೊಳವೆಯ ತುದಿಗೆ ಸಣ್ಣ ಜರಡಿ ಇರುತ್ತದೆ.

ರಾಗಿ ಮೂಲತಃ ಪೂರ್ವ ಆಫ್ರಿಕಾದ ಎತ್ತರದ ಪ್ರದೇಶದ ಬೆಳೆ, ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂದದ್ದು. ಜಿಂಬಾಬ್ವೆಯಲ್ಲಿ ಇದನ್ನು ರಪೊಕೊ ಅನ್ನುತ್ತಾರೆ, ಅಲ್ಲೂ ಬಿಯರ್‌ಗೆ ಇದರ ಮಾಲ್ಟ್ ಬೇಕೇ ಬೇಕು.

ಕೋಲಾರ_ರಾಗಿ

ಇಂಡಾಫ್ ತಳಿಗಳು ನೆನಪಾದವು. ರಾಗಿ ತಳಿ ವಿಜ್ಞಾನಿ ನಮ್ಮ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂ ಸಂಶೋಧನಾ ಕೇಂದ್ರದಲ್ಲಿ ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಮಾಡಿದ ತಳಿಗಳು ಅವು. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ನಮ್ಮ ಹೊಲದಲ್ಲಿ ಈಗ ಜಿಪಿಯು 28 ಅನ್ನುವ ತಳಿ ಇದೆ, ಮೊಳಕೆ ಒಂದೇ ಸಮ ಬರುತ್ತದೆ.

ಹಾಪ್ಸ್_ಪ್ರೇಮಿ

ಇಷ್ಟೆಲ್ಲ ಕಷ್ಟ ಯಾಕೆ? ಬಾರ್ಲಿ ಬಿಯರ್‌ಗೆ ಹಾಕುವ ಕ್ಲಾರಿಟಿ ಫರ್ಮ್ ಅಂತ ಒಂದು ಕಿಣ್ವ ಬರುತ್ತದೆ, ಗ್ಲುಟನ್ ಒಡೆದು ಹಾಕುತ್ತದೆ. ಯೀಸ್ಟ್ ಜೊತೆಗೆ ಒಂದು ಸಣ್ಣ ಟ್ಯೂಬ್ ಹಾಕಿದರೆ ಆಯಿತು.

ಪೋರ್ಟ್‌ಲ್ಯಾಂಡ್_ಕನ್ನಡತಿ

ದಯವಿಟ್ಟು ಸೀಲಿಯಾಕ್ ಇರುವವರಿಗೆ ಈ ಸಲಹೆ ಕೊಡಬೇಡಿ. ಆ ಕಿಣ್ವ ಬಾರ್ಲಿಯ ಹಾರ್ಡೀನ್ ಅನ್ನುವ ಪ್ರೋಟೀನನ್ನು ತುಂಡು ಮಾಡುತ್ತದೆ. ತುಂಡುಗಳು ಬಿಯರ್‌ನಲ್ಲೇ ಉಳಿಯುತ್ತವೆ. ಯಾವ ತುಂಡು ನನ್ನ ಕರುಳಿಗೆ ತೊಂದರೆ ಕೊಡುತ್ತದೆ ಅಂತ ಪರೀಕ್ಷೆಯ ಅಂಕಿ ಪೂರ್ತಿ ಹೇಳಲ್ಲ. ಅದಕ್ಕೇ ಅಮೆರಿಕದಲ್ಲಿ ಬಾರ್ಲಿಯಿಂದ ಮಾಡಿದ ಬಿಯರ್‌ಗೆ ಗ್ಲುಟನ್ ಫ್ರೀ ಅಂತ ಲೇಬಲ್ ಹಾಕಲು ಬಿಡೋದಿಲ್ಲ. ಸೀಲಿಯಾಕ್ ಹೊಟ್ಟೆನೋವಷ್ಟೇ ಅಲ್ಲ. ಏನೂ ಗೊತ್ತಾಗದೆಯೂ ಕರುಳಿನ ಒಳಪದರ ಹಾಳಾಗುತ್ತಿರುತ್ತದೆ.

ಸಿಯಾಟಲ್‌ನ ಘೋಸ್ಟ್‌ಫಿಶ್, ಮಾಂಟ್ರಿಯಲ್‌ನ ಗ್ಲುಟನ್‌ಬರ್ಗ್ ಥರದವರು ಬಾರ್ಲಿ ಮುಟ್ಟದೆ ಕಿರುಧಾನ್ಯ, ಅಕ್ಕಿ ಇಂಥವುಗಳಿಂದಲೇ ಒಳ್ಳೆಯ ಬಿಯರ್ ಮಾಡಿ ತೋರಿಸಿದ್ದಾರೆ. ನನಗೆ ಆ ದಾರಿಯೇ ಬೇಕು.

ಆಹಾರ_ಲ್ಯಾಬ್_ಮೈಸೂರು

ಪೂರ್ತಿ ಒಪ್ಪುತ್ತೇನೆ. ಇನ್ನೂ ಕೆಲವು ಸೇರಿಸಲೇಬೇಕು. ಗ್ಲುಟನ್ ಫ್ರೀ ಅನ್ನಲು ಭಾರತದಲ್ಲೂ ಅಮೆರಿಕದಲ್ಲೂ 20 ಪಿಪಿಎಂ ಮಿತಿ, ಅಂದರೆ ಕಿಲೋಗೆ 20 ಮಿಲಿಗ್ರಾಂ. ಅಷ್ಟು ಸಣ್ಣ ಪ್ರಮಾಣ ಎಲ್ಲಿಂದ ಬೇಕಾದರೂ ಬರಬಹುದು. ಬಾರ್ಲಿಗೆ ಬಳಸಿದ ಗಿರಣಿ, ಪ್ಲಾಸ್ಟಿಕ್ ಬಕೆಟ್, ರಬ್ಬರ್ ಪೈಪು ಬೇಡ, ಹೊಸದು ಕೊಳ್ಳಿ. ಸ್ಟೀಲ್ ಪಾತ್ರೆ ಚೆನ್ನಾಗಿ ತಿಕ್ಕಿದರೆ ಸಾಕು. ಗೋಧಿ ಬೀಸುವ ಗಿರಣಿಗೆ ರಾಗಿ ಕೊಡಲೇಬೇಡಿ. ದ್ರವ ರೂಪದ ಯೀಸ್ಟನ್ನು ಸಾಮಾನ್ಯವಾಗಿ ಬಾರ್ಲಿ ರಸದಲ್ಲೇ ಬೆಳೆಸಿರುತ್ತಾರೆ. ಒಣ ಯೀಸ್ಟ್ ತೆಗೆದುಕೊಂಡು ಪೊಟ್ಟಣ ಓದಿ.

ಇದು ಬಿಯರ್ ಕುಡಿಯದವರಿಗೂ ಅನ್ವಯಿಸುತ್ತದೆ: ಅಂಗಡಿಯ ಕೆಲವು ರಾಗಿ ಮಾಲ್ಟ್ ಪುಡಿಗಳಲ್ಲಿ ಗೋಧಿ, ಬಾರ್ಲಿ ಬೆರೆಸಿರುತ್ತಾರೆ. ಮುಂದೆ ದೊಡ್ಡಕ್ಷರದಲ್ಲಿ ರಾಗಿ, ಹಿಂದೆ ಸಣ್ಣಕ್ಷರದಲ್ಲಿ ಉಳಿದವು.

ಹಾವೇರಿ_ಜೋಳ

ಜೋಳದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಆಗುತ್ತದೆ, ಆದರೆ ಹುಷಾರಾಗಿರಬೇಕು. ಎಳೆ ಜೋಳದ ಪೈರು ಮೇಯ್ದು ದನ ಸಾಯೋದನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಜೋಳದ ಮೊಳಕೆಯಲ್ಲೂ ಅದೇ ವಿಷ ಇದೆ. ಧುರಿನ್ ಅಂತ ಅದರ ಹೆಸರು, ಒಡೆದಾಗ ಸಯನೈಡ್ ಬಿಡುಗಡೆ ಆಗುತ್ತದೆ. ಕಾಳಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ, ಮೊಳಕೆ ಮತ್ತು ಬೇರಿನಲ್ಲಿ ಜಾಸ್ತಿ. ಹಾಗಾಗಿ ಜೋಳದ ಮೊಳಕೆಯನ್ನು ಹಸಿಯಾಗಿ ಬಾಯಿಗೆ ಹಾಕಬೇಡಿ. ಒಣಗಿಸಿದ ಮೇಲೆ ಮೊಳಕೆ, ಬೇರು ಎರಡನ್ನೂ ಒಂದೂ ಉಳಿಯದ ಹಾಗೆ ಉಜ್ಜಿ, ಕೇರಿ ಚೆಲ್ಲಿ. ಆ ಚೆಲ್ಲಿದ್ದನ್ನು ದನಕ್ಕೂ ಹಾಕಬೇಡಿ.

ಬಿಳಿ ಜೋಳವೇ ತೆಗೆದುಕೊಳ್ಳಿ, ಮಾಲದಂಡಿ ಸಿಕ್ಕರೆ ಒಳ್ಳೆಯದು. ಕಡುಗೆಂಪು ಜೋಳದ ಕೆಲವು ತಳಿಗಳಲ್ಲಿ ಒಗರು ಜಾಸ್ತಿ, ಆ ಒಗರು ಕಿಣ್ವವನ್ನೇ ಕಟ್ಟಿಹಾಕುತ್ತದೆ.

ಮೆಲ್ಬರ್ನ್_ಬ್ರೂ

ಈ ಎಚ್ಚರಿಕೆ ಎಲ್ಲರೂ ಓದಲೇಬೇಕು. ಜೋಳದಲ್ಲಿ ಬೀಟಾ ಅಮೈಲೇಸ್ ಬಹಳ ಕಡಿಮೆ, ಒಂದೇ ಜೋಳದ ಮಾಲ್ಟಿನಿಂದ ಸಕ್ಕರೆ ಸರಿಯಾಗಿ ಬರಲ್ಲ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟ್ ಆಮದು ನಿಲ್ಲಿಸಿದಾಗ ಅಲ್ಲಿಯ ದೊಡ್ಡ ಬ್ರೂವರಿಗಳು ಜೋಳಕ್ಕೆ ಬಂದವು. ಹೊರಗಿನ ಕಿಣ್ವ ಸೇರಿಸಿಕೊಂಡೇ ಅವರು ಕೆಲಸ ಸಾಗಿಸಿದ್ದು. ಮನೆಯಲ್ಲಿ ಸುಲಭ ದಾರಿ ಅಂದರೆ ಜೋಳವನ್ನು ಮೊಳಕೆ ಬರಿಸದೆ, ರವೆ ಮಾಡಿ ಬೇಯಿಸಿ ಪಿಷ್ಟಕ್ಕೆ ಬಳಸಿ. ಕಿಣ್ವದ ಕೆಲಸ ರಾಗಿಗೆ ಬಿಡಿ. ಮೂರು ಪಾಲು ರಾಗಿ ಮಾಲ್ಟ್, ಒಂದು ಪಾಲು ಬೇಯಿಸಿದ ಜೋಳ. ಧುರಿನ್ ಚಿಂತೆಯೂ ಇಲ್ಲ.

ವೇದಿಕೆ_ನಿರ್ವಾಹಕ

ಊರಲ್ಲಿ ಓದುತ್ತಿರುವವರಿಗೆ ಒಂದು ಮಾತು. ಮಾಲ್ಟ್ ಮಾಡೋದಕ್ಕೆ ಯಾರ ಅಡ್ಡಿಯೂ ಇಲ್ಲ, ಅದು ಆಹಾರ. ಆದರೆ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮನೆ ಬಳಕೆಗೆ ಅಂದರೂ ಸರಿ. ಬಿಯರ್ ಮಾಡುವ ಭಾಗ ಅನುಮತಿ ಇರುವ ದೇಶಗಳಲ್ಲಿ ಇರುವವರಿಗೆ.

ಪೋರ್ಟ್‌ಲ್ಯಾಂಡ್_ಕನ್ನಡತಿ

ಮಾಡಿ ಮುಗಿಸಿ ಬಂದು ಬರೆಯುತ್ತಿದ್ದೇನೆ. ಗಂಜಿ ಪರೀಕ್ಷೆ ನಿಜಕ್ಕೂ ನೋಡುವಂಥದ್ದು. ಹಳೆಯ ಹುರಿದ ಪುಡಿ ಹಾಕಿದ ಲೋಟದಲ್ಲಿ ಚಮಚ ನಿಂತೇ ಇತ್ತು. ಹೊಸ ಮಾಲ್ಟ್ ಹಾಕಿದ ಲೋಟದಲ್ಲಿ ಕಲಸುತ್ತಿರುವಾಗಲೇ ಚಮಚ ವಾಲಿ ಅಂಚಿಗೆ ಬಿತ್ತು.

ತಿಳಿ ತೆಗೆದಿಟ್ಟು ಗಂಜಿ ಕುದಿಸುವ ಕ್ರಮದಲ್ಲಿ ಅಯೋಡಿನ್ ಕಂದಾಗಿಯೇ ಉಳಿಯಿತು. ಗ್ರಾವಿಟಿ 1.038. ಭತ್ತದ ಹೊಟ್ಟು ಹಾಕಿದ್ದಕ್ಕೆ ಸೋಸುವುದು ಸಲೀಸಾಯಿತು. ಬಿಯರ್ ಬಣ್ಣ ತಿಳಿ ತಾಮ್ರ. ಮೂಗಿಗೆ ಮೊದಲು ಹುರಿಹಿಟ್ಟಿನ ವಾಸನೆ, ಆಮೇಲೆ ಹಾಪ್ಸ್. ಬಾಯಲ್ಲಿ ಸ್ವಲ್ಪ ಒಗರು ಇದೆ, ನನಗೆ ಇಷ್ಟವಾಯಿತು. ನೊರೆ ಮಾತ್ರ ಬೇಗ ಇಳಿಯುತ್ತದೆ. ಯಜಮಾನರು ಬಾರ್ಲಿ ಬಿಯರ್ ಕುಡಿಯಬಲ್ಲವರು, ಅವರೂ ಎರಡನೇ ಗ್ಲಾಸ್ ಇದನ್ನೇ ತುಂಬಿಸಿಕೊಂಡರು.

ನೊರೆಗೆ ಏನು ಮಾಡಬಹುದು? ಮುಂದಿನ ಸಲ ನವಣೆ ಬೆರೆಸೋಣ ಅಂತ ಇದ್ದೇವೆ. ಇಲ್ಲಿ ಸಿಗುವ ನವಣೆ ಮೊಳಕೆಯೇ ಒಡೆಯುತ್ತಿಲ್ಲ.

ಮೆಲ್ಬರ್ನ್_ಬ್ರೂ

ಅಂಗಡಿಯಲ್ಲಿ ಸಿಗೋದು ನವಣೆ ಅಕ್ಕಿ. ಹೊಟ್ಟು ತೆಗೆಯುವಾಗ ಮೊಳಕೆಯ ಕಣ್ಣೂ ಪೆಟ್ಟು ತಿಂದಿರುತ್ತದೆ, ಎಷ್ಟು ನೆನೆಸಿದರೂ ಬರಲ್ಲ. ಸಾಮೆ, ಹಾರಕ, ಬರಗು ಎಲ್ಲದಕ್ಕೂ ಇದೇ ಕಥೆ. ರಾಗಿ, ಜೋಳಕ್ಕೆ ಆ ಗಟ್ಟಿ ಹೊಟ್ಟು ಇಲ್ಲದ್ದರಿಂದ ಅಂಗಡಿಯದ್ದೇ ನಡೆಯುತ್ತದೆ. ಹೊಟ್ಟಿರುವ ಕಾಳು ರೈತರಿಂದ ನೇರ ತರಿಸಿ. ಹಕ್ಕಿಗಳಿಗೆ ಮಾರುವ ಚೀಲ ಬೇಡ, ಅದರಲ್ಲಿ ಗೋಧಿ ಬೆರೆತಿರಬಹುದು. ಹೊಟ್ಟಿರುವ ಕಾಳಿನ ಮಾಲ್ಟ್ ಬೆರೆಸಿದರೆ ಭತ್ತದ ಹೊಟ್ಟು ಕಡಿಮೆ ಸಾಕು.

ನೊರೆಗೆ, ಕುದಿಸುವಾಗ ಹಾಪ್ಸ್ ಸ್ವಲ್ಪ ಜಾಸ್ತಿ ಹಾಕಿ, ಹಾಪ್ಸಿನ ಕಹಿಯೂ ನೊರೆ ಹಿಡಿಯುತ್ತದೆ. 45 ಡಿಗ್ರಿಯ ಹಂತವನ್ನು ಮುಕ್ಕಾಲು ಗಂಟೆಗಿಂತ ಉದ್ದ ಎಳೆಯಬೇಡಿ, ಆ ಬಿಸಿಯಲ್ಲಿ ನೊರೆಯ ಪ್ರೋಟೀನ್ ಕರಗಿ ಹೋಗುತ್ತದೆ. ಯೀಸ್ಟ್ ನ್ಯೂಟ್ರಿಯಂಟ್ ಒಂದು ಚಿಟಿಕೆ ಸೇರಿಸಿ, ರಾಗಿಯ ರಸದಲ್ಲಿ ಯೀಸ್ಟಿಗೆ ಬೇಕಾದ ಸಾರಜನಕ ಕಡಿಮೆ ಬೀಳಬಹುದು.

ಕೋಲಾರ_ರಾಗಿ

ಹೊಟ್ಟಿರುವ ನವಣೆ ನಮ್ಮ ಪಕ್ಕದ ಹೊಲದಲ್ಲೇ ಇದೆ. ಅಮೆರಿಕಕ್ಕೆ ಬೀಜ ಕಳಿಸೋಕೆ ಕಾಗದ ಪತ್ರ ಬೇಕು, ಅದು ನನ್ನಿಂದ ಆಗಲ್ಲ. ಬೆಂಗಳೂರು, ಮೈಸೂರಿನಲ್ಲಿ ಮಕ್ಕಳಿಗೆ ಮಾಲ್ಟ್ ಮಾಡಿಕೊಳ್ಳುವವರು ಯಾರಾದರೂ ಇದ್ದರೆ ಇಲ್ಲೇ ಬರೆಯಿರಿ, ಕೊಯ್ಲಾದ ಮೇಲೆ ಸಿಗುತ್ತದೆ.